ಆಡುವುದಕ್ಕೆ ಆಸ್ಟ್ರಿಯಾದ ತನಕ

ಉಗಾರ ಖುರ್ದ

ನನ್ನ ಮೊಮ್ಮಗಳು ಮಾಯವ್ವ ಓಡುತ್ತಾಳೆ. ಬಸ್ಸು ಹಿಡಿಯಲಿಕ್ಕಲ್ಲ, ನಾಯಿ ಬೆನ್ನು ಹತ್ತಿದ್ದಕ್ಕೂ ಅಲ್ಲ. ಸುಮ್ಮನೆ, ತಾಸುಗಟ್ಟಲೆ, ಗುಡ್ಡ ಹತ್ತಿ ಇಳಿದು ಓಡುತ್ತಾಳೆ. ಹಾಗೆ ಓಡಿ ಓಡಿ ಆಸ್ಟ್ರಿಯಾ ಎಂಬ ದೇಶದ ತನಕ ಹೋದಳು, ಕೂಡ ನನ್ನನ್ನೂ ಒಯ್ದಳು. ಈ ಸುದ್ದಿ ನಾನು ಹೇಳದ ಮನೆ ನಮ್ಮೂರಲ್ಲಿ ಒಂದೂ ಉಳಿದಿಲ್ಲ. ಈಗೀಗ ನಾನು ಬರುವುದು ಕಂಡರೆ ಕೆಲವರು ಒಲೆಯ ಮೇಲೆ ಹಾಲು ಇಟ್ಟಿದ್ದೇವೆ ಎಂದು ಒಳಗೆ ಹೋಗಿಬಿಡುತ್ತಾರೆ. ಅದಕ್ಕೇ ಬರೆಯಲು ಕುಳಿತೆ. ಓದುವವರಿಗೆ ಒಲೆಯ ನೆಪ ಇರುವುದಿಲ್ಲ.

ನಾನು ಕಲಿತದ್ದು ನಿಪ್ಪಾಣಿಯಲ್ಲಿ ಮೂರನೇ ಇಯತ್ತೆ, ಅದೂ ಮರಾಠಿ. ಆಮೇಲೆ ಮೊರದ ಮುಂದೆ ಕುಳಿತು ಬೀಡಿ ಸುತ್ತಿದೆ. ಮದುವೆಯಾಗಿ ಉಗಾರಕ್ಕೆ ಬಂದ ಮೇಲೆ ಮಗನ ಪಾಟಿಯ ಮೇಲೆ ಕನ್ನಡ ಅಕ್ಷರ ತಿದ್ದಿದೆ. ಈ ಬರಹದ ತಪ್ಪುಗಳನ್ನು ಮಾಯವ್ವ ಸರಿಮಾಡಿದ್ದಾಳೆ. ನನ್ನ ಹೊಗಳಿಕೆಯನ್ನೂ ಕಡಿಮೆ ಮಾಡು ಆಯಿ ಎಂದಳು. ಅದೊಂದು ಮಾತು ಕೇಳಲಿಲ್ಲ.

ಪಾಟಿಯ ಒಡೆಯ, ನನ್ನ ಮಗ ಭೀಮ್ಸಿ, ಮಾಯವ್ವನ ಅಪ್ಪ. ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರಿನ ಕೆಲಸ. ಮಗಳು ಶಾಲೆಯ ಓಟದಲ್ಲಿ ಎಲ್ಲರನ್ನೂ ಹಿಂದೆ ಹಾಕಿದ ದಿನದಿಂದ ಅವನಿಗೆ ಎರಡು ಬಾಯ್ಲರುಗಳಾದವು. ಕಾರ್ಖಾನೆಯದನ್ನು ಎಷ್ಟು ಉರಿಸಬೇಕು, ಯಾವಾಗ ಆರಿಸಬೇಕು ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಮನೆಯದನ್ನು ಮಾತ್ರ ಮೊಬೈಲಿನಲ್ಲಿ ಯಾರೋ ದೊಡ್ಡ ಓಟಗಾರರ ತಾಲೀಮು ನೋಡಿ ನೋಡಿ ಉರಿಸಿದ. ನಸುಕಿನಲ್ಲಿ ಮಾಯವ್ವ ಕಾಗವಾಡದ ರಸ್ತೆಗೆ ಓಡುವುದು, ಇವನು ಬಾಯಲ್ಲಿ ಸೀಟಿ ಕಚ್ಚಿಕೊಂಡು ಗಾಡಿಯ ಮೇಲೆ ಹಿಂದೆ ಹೋಗುವುದು. ಎದುರಿಗೆ ಎರಡೆರಡು ಟ್ರೇಲರ್ ಕಬ್ಬು ಎಳೆಯುತ್ತ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಬರುತ್ತವೆ. ಆ ಹಾಡಿನ ನಡುವೆ ಇವನ ಸೀಟಿ. ಒಮ್ಮೆ ಊದಿದರೆ ಸಾವಕಾಶ, ಎರಡು ಸಲ ಊದಿದರೆ ಜೋರಾಗಿ. ನಿಲ್ಲು ಎನ್ನುವುದಕ್ಕೆ ಸೀಟಿಯೇ ಇರಲಿಲ್ಲ.

ಮಾಯವ್ವ ರಾಜ್ಯದ ಗುಡ್ಡದ ಓಟದಲ್ಲಿ ಗೆದ್ದು ಬಂದ ಮೇಲೆ, ಆಸ್ಟ್ರಿಯಾದ ಬೆಟ್ಟದಲ್ಲಿ ನಾನಾ ದೇಶದ ಮಕ್ಕಳಿಗೆ ಒಂದು ಶಿಬಿರ, ಕೊನೆಗೆ ಒಂದು ಓಟ ಇದೆ ಎಂದು ಕರೆ ಬಂತು. ಹದಿನೇಳರ ಹುಡುಗಿ, ಕೂಡ ಮನೆಯ ಹಿರಿಯರೊಬ್ಬರು ಬರಬೇಕೆಂದರು. ಬೇಸಿಗೆಯಲ್ಲಿ ಬಾಯ್ಲರು ಬಿಚ್ಚಿ ರಿಪೇರಿ ಮಾಡುವ ಕಾಲ, ಭೀಮ್ಸಿಗೆ ರಜೆ ಇಲ್ಲ. ಸೊಸೆಗೆ ವಿಮಾನ ಆಕಾಶದಲ್ಲಿ ಕಂಡರೂ ತಲೆ ತಿರುಗುತ್ತದೆ.

"ಇನ್ನ ಯಾರ ಹೊಕ್ಕಾರ?" ಎಂದು ಭೀಮ್ಸಿ ಕೇಳಿ ಮುಗಿಸುವುದರೊಳಗೆ ನಾನು ಟ್ರಂಕಿನಿಂದ ಇಳಕಲ್ ಸೀರೆ ತೆಗೆದಿದ್ದೆ.

ಹೊರಡುವ ದಿನ ಅವನು ಮಗಳ ಕೈಗೆ ಒಂದು ಕರಿ ಗಡಿಯಾರ ಕಟ್ಟಿದ. ಅವಳು ಅಲ್ಲಿ ಎಷ್ಟು ಓಡಿದಳು, ಎಲ್ಲೆಲ್ಲಿ ನಿಂತಳು, ಎದೆ ಎಷ್ಟು ಬಡಿಯಿತು, ಎಲ್ಲವೂ ಇಲ್ಲಿ ಅವನ ಮೊಬೈಲಿನಲ್ಲಿ ಕಾಣುತ್ತದಂತೆ.

"ಅವ್ವಾ, ಅಕಿ ಸರಿಯಾಗಿ ಉಂಡ್ಲೋ ಇಲ್ಲೋ, ಅಷ್ಟ ನೋಡು ನೀ. ಓಡೂದನ್ನ ನಾ ಇಲ್ಲಿಂದನ ನೋಡ್ಕೋತೀನಿ."

"ಸೀಟಿ ಹೆಂಗ ಊದಾಂವಪಾ ಅಷ್ಟು ದೂರ?" ಎಂದೆ. ಸೊಸೆ ಸೆರಗು ಬಾಯಿಗೆ ಹಿಡಿದಳು. ಮಾಯವ್ವ ನಗಲಿಲ್ಲ. ಹಿಂದೆ ಇಂಥ ಮಾತಿಗೆ ಬಿದ್ದು ಬಿದ್ದು ನಗುತ್ತಿದ್ದ ಹುಡುಗಿ.

ವಿಮಾನದಲ್ಲಿ

ಮುಂಬೈಯ ವಿಮಾನ ನಿಲ್ದಾಣದಲ್ಲಿ ನನ್ನ ಚೀಲದ ಖಡಕ್ ರೊಟ್ಟಿಗಳನ್ನು ಯಂತ್ರ ಅನುಮಾನದಿಂದ ನೋಡಿತು. ಅಲ್ಲಿದ್ದ ಅಧಿಕಾರಿ ಒಂದನ್ನು ಹಿಡಿದು ಬಾಗಿಸಿದ. ರೊಟ್ಟಿ ಬಾಗುವ ಜಾತಿಯದಲ್ಲ, ಟಪ್ಪೆಂದು ಮುರಿಯಿತು. ಎಲ್ಲರೂ ತಿರುಗಿ ನೋಡಿದರು. ಅವನ ಮುಖ ಸಣ್ಣದಾಯಿತು. ಮರಾಠಿಯಲ್ಲಿ, "ಇರ್ಲಿ ಬಿಡಪಾ, ತಿನ್ನು" ಎಂದು ಆ ಎರಡೂ ತುಂಡಿನ ಮೇಲೆ ಅಗಸಿ ಚಟ್ನಿ ಹಾಕಿ ಕೊಟ್ಟೆ. ದೇಶ ಕಾಯುವವರು ಕೆಲಸದ ಮೇಲೆ ತಿನ್ನಬಾರದಂತೆ. ಕೈ ಮುಗಿದು ಕಳಿಸಿಕೊಟ್ಟ.

ವಿಮಾನ ಏರಿತು. ಕಿಟಕಿಯಲ್ಲಿ ಮೋಡಗಳು ನಮ್ಮ ಕೆಳಗೆ ಹರವಿದ ಹತ್ತಿಯಂತೆ ಬಿದ್ದಿದ್ದವು. ನೋಡು ಬಾ, ನೋಡು ಬಾ ಎಂದು ನಾನು ಮಾಯವ್ವನ ತೋಳು ಜಗ್ಗಿದೆ. ಅವಳು ತನ್ನ ಹೊಸ ಬೂಟುಗಳನ್ನೇ ನೋಡುತ್ತ ಕುಳಿತಿದ್ದಳು.

"ಆಯಿ, ಒಂದ ಮಾತ ಹೇಳ್ತೀನಿ. ಅಪ್ಪಗ ಹೇಳಬ್ಯಾಡ."

"ಹೇಳು."

"ಇದೊಂದ ಓಡಿ ಬಿಡಾಕಿ ನಾ. ಸಾಕಾಗೈತಿ."

"ಕಾಲು ನೋಯ್ತಾವೇನ ಬೇ?"

"ಕಾಲು ಚಲೋ ಅದಾವು. ಓಡಬೇಕಂತ ಅನ್ನಿಸೂದನ ನಿಂತೈತಿ. ನಸಿಕ್ಲೆ ಎದ್ದ ಕೂಡ್ಲೆ ಅಳು ಬರ್ತೈತಿ."

ಬಿಡಬೇಡ ಎಂದರೆ ನಾನೂ ಒಂದು ಸೀಟಿಯಾದಂತೆ. ಬಿಡು ಎನ್ನಲು ಮನಸ್ಸು ಒಪ್ಪದು. ಈ ಹುಡುಗಿ ಕಬ್ಬಿನ ಹೊಲದ ಬದುವಿನ ಮೇಲೆ ಚಿಟ್ಟೆಯ ಹಿಂದೆ ಓಡಿದ್ದನ್ನು ನಾನು ಕಂಡವಳು. ಆಗ ಅವಳ ಕಾಲು ನೆಲಕ್ಕೆ ಹತ್ತುತ್ತಲೇ ಇರಲಿಲ್ಲ. ಅವಳ ಕೈ ಹಿಡಿದು ಕುಳಿತೆ. ವಿಮಾನದವಳು ತಂದಿಟ್ಟ ಊಟದಲ್ಲಿ ಎಲ್ಲವೂ ಇತ್ತು, ರುಚಿ ಒಂದು ಬಿಟ್ಟು.

ಬೆಟ್ಟದ ಹಳ್ಳಿ, ಮೊದಲ ದಿನ

ವಿಯೆನ್ನಾದಲ್ಲಿ ಇಳಿದು ರೈಲು ಹತ್ತಿದೆವು. ಅಂಥ ಮೌನದ ರೈಲು ನಾನು ಕಂಡಿಲ್ಲ. ಯಾರೂ ಯಾರನ್ನೂ ಯಾವೂರು, ಎಷ್ಟು ಮಕ್ಕಳು ಎಂದು ಕೇಳಲಿಲ್ಲ. ನನ್ನ ಎದುರಿಗೆ ಒಂದು ನಾಯಿ ಕುಳಿತಿತ್ತು. ಅದಕ್ಕೂ ಟಿಕೀಟು ಇತ್ತಂತೆ. ಅದೊಂದೇ ನನ್ನ ಕಡೆ ಮುಖ ಕೊಟ್ಟು ನೋಡಿತು. ನಮ್ಮ ಮಿರಜಿನ ಪ್ಯಾಸೆಂಜರಿನಲ್ಲಿ ಇಷ್ಟು ಹೊತ್ತಿಗೆ ಎರಡು ಸಂಬಂಧ ಕುದುರಿ, ಒಂದು ಜಗಳ ಆಗಿ ಮುಗಿದಿರುತ್ತಿತ್ತು.

ಶಿಬಿರದ ಹಳ್ಳಿ ಬೆಟ್ಟಗಳ ಮಡಿಲಲ್ಲಿತ್ತು. ಆಕಳುಗಳ ಕೊರಳಿಗೆ ನಮ್ಮ ಗುಡಿಯ ಗಂಟೆಯಷ್ಟು ದೊಡ್ಡ ಗಂಟೆ. ಮನೆಗಳ ಕಿಟಕಿಯಲ್ಲೆಲ್ಲ ಹೂ. ಕುಳ್ಳು ಒಣಗಿಸುವಂಥ ಬಿಸಿಲು ಕಂಡರೆ ನಾವು ನೆರಳಿಗೆ ಓಡುತ್ತೇವೆ. ಅಲ್ಲಿ ಬಿಸಿಲು ಬಿದ್ದ ಕೂಡಲೇ ಜನ ಹೊರಗೆ ಬಂದು ಹಪ್ಪಳದಂತೆ ಮಲಗುತ್ತಾರೆ, ಒಂದು ಮಗ್ಗುಲು ಆದ ಮೇಲೆ ಇನ್ನೊಂದು ಮಗ್ಗುಲು.

ಮಕ್ಕಳನ್ನು ತಾಲೀಮು ಮಾಡಿಸುವ ಹೆಂಗಸಿನ ಹೆಸರು ಉರ್ಸುಲಾ. ನನ್ನ ಬಾಯಲ್ಲಿ ಉರ್ಸವ್ವ ಆದಳು, ಅವಳೂ ಓಗೊಟ್ಟಳು. ತಲೆ ಪೂರಾ ಬೆಳ್ಳಗೆ, ಕಾಲು ಮಾತ್ರ ಹುಡುಗಿಯವು. ಅವಳ ಇಂಗ್ಲಿಷನ್ನು ಮಾಯವ್ವ ನನಗೆ ಕನ್ನಡ ಮಾಡಿ ಹೇಳುತ್ತಿದ್ದಳು. ಮೊದಲ ದಿನ ಅವಳು ಒಂದು ಬುಟ್ಟಿ ಹಿಡಿದು ಬಂದು ಮಕ್ಕಳ ಗಡಿಯಾರಗಳನ್ನೆಲ್ಲ ಬಿಚ್ಚಿಸಿದಳು. ಮಾಯವ್ವನ ಕೈಯ ಮೇಲೆ ಗಡಿಯಾರವಿದ್ದ ಜಾಗ ಬೆಳ್ಳಗೆ ಕಂಡಿತು. ಅವಳ ಮೊಬೈಲನ್ನು ಮಾತ್ರ, ಹಿರಿಯಳೆಂದು, ನನ್ನ ಕೈಗೆ ಕೊಟ್ಟರು.

ಆಮೇಲೆ ಬೂಟು ಬಿಚ್ಚಿಸಿದಳು. ಈಗ ದೊಡ್ಡ ತಾಲೀಮು ಶುರು ಎಂದು ನಾನು ಸೆರಗು ಕಟ್ಟಿ ಕುಳಿತೆ. ಉರ್ಸವ್ವ ಮಕ್ಕಳನ್ನು ಹಳ್ಳಕ್ಕೆ ಇಳಿಸಿ, ಕಲ್ಲು ಪೇರಿಸಿ ಒಡ್ಡು ಕಟ್ಟಿರಿ ಎಂದಳು. ಕಟ್ಟಿದರು. ಒಡೆಯಿರಿ ಎಂದಳು. ಒಡೆದರು. ನೀರು ಧೋ ಎಂದು ಇಳಿಯಿತು, ಮಕ್ಕಳು ಕೂಗಿದರು, ಆ ದಿನದ ತಾಲೀಮು ಮುಗಿಯಿತು.

"ಇದೇನ ಬೇ?" ಎಂದೆ.

"ಇಷ್ಟಂತ" ಎಂದಳು ಮಾಯವ್ವ. "ನಾಳೆಯಿಂದ ಮುಂಜಾನೆ ಬೆಟ್ಟ ಹತ್ತಿ ಓಡೂದು. ಊಟ ಆದಮ್ಯಾಲ ಆಟ."

"ಯಾವ ಆಟ? ಖೋಖೋ?"

"ಮನಸ್ಸಿಗಿ ಬಂದದ್ದು."

ನಮ್ಮ ಉಗಾರದಲ್ಲಿ ಹಳ್ಳಕ್ಕೆ ಇಳಿದ ಮಕ್ಕಳನ್ನು ಕಿವಿ ಹಿಡಿದು ಎಳೆದು ತರುತ್ತೇವೆ. ಅದೇ ಹಳ್ಳಕ್ಕೆ ಇಳಿಯುವುದನ್ನು ಕಲಿಯಲು ಏಳು ಸಮುದ್ರ ದಾಟಿ ಬಂದೆವಲ್ಲ ಎಂದು ನನಗೆ ಅಭಿಮಾನವೇ ಆಯಿತು.

ಗಡಿಯಾರ ನನ್ನ ಕೈಗೆ

ಎರಡನೇ ದಿನ ಸಂಜೆ ಭೀಮ್ಸಿಯ ಫೋನು.

"ಅವ್ವಾ, ಮಾಯಾ ಎರಡ ದಿನದಿಂದ ಒಂದ ಹೆಜ್ಜಿ ಓಡಿಲ್ಲ. ಇಲ್ಲಿ ಸೊನ್ನೆ ತೋರ್ಸಾಕತ್ತೈತಿ. ಜ್ವರ ಬಂದಾವೇನು?"

"ಜ್ವರಾ ಬರ್ಲಿ ನಿನಗ! ಚಲೋ ಅದಾಳ."

"ಮತ್ತ ಓಡವಲ್ಲಳ್ಯಾಕ?"

ಗಡಿಯಾರವಿಲ್ಲದೆ ಓಡಿದ್ದಾಳೆ, ಆಮೇಲೆ ಹುಲ್ಲಿನ ಬಣವೆಯ ಮೇಲಿಂದ ಜಿಗಿದಿದ್ದಾಳೆ ಎಂದರೆ ಅವನು ನಡೆದುಕೊಂಡಾದರೂ ಬಂದುಬಿಡುವವನು. "ಗಡಿಯಾರಕ್ಕ ಇಲ್ಲೀ ಹವಾ ಹತ್ತಿರಬೇಕು. ನಾಳೆ ನೋಡು" ಎಂದು ಫೋನು ಇಟ್ಟೆ. ಬುಟ್ಟಿಯಿಂದ ಗಡಿಯಾರ ತಂದು ನನ್ನ ಕೈಗೇ ಕಟ್ಟಿಕೊಂಡೆ, ಹಸಿರು ಬಳೆಗಳ ನಡುವೆ.

ಮಾಯವ್ವ ಕಣ್ಣು ಅರಳಿಸಿ ನೋಡಿದಳು. "ಆಯಿ, ನೀ ಓಡ್ತೀಯೇನ?"

"ನಾ ಯಾಕ ಓಡ್ಲಿ. ನಡೀತೀನಿ. ನಿಮ್ಮಪ್ಪಗ ನಂಬರ ಬೇಕು, ಯಾರ ಕಾಲಿಂದ ಬಂದ್ರೇನು?"

ಅವಳು ಬಟನು ಎಲ್ಲಿ ಒತ್ತಬೇಕೆಂದು ತೋರಿಸಿದಳು. ತೋರಿಸುತ್ತ ತೋರಿಸುತ್ತ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಎಷ್ಟು ತಿಂಗಳಾಗಿತ್ತೋ ಆ ನಗು ಕೇಳಿ. ಆ ನಗುವಿಗಾಗಿ ನಾನು ಬೆಟ್ಟದ ತುದಿಯ ತನಕ ಓಡಲೂ ತಯಾರಿದ್ದೆ. ಓಡು ಎಂದು ಯಾರೂ ಹೇಳಲಿಲ್ಲ, ಬದುಕಿದೆ.

ಮರುದಿನದಿಂದ ಇಳಕಲ್ ಸೀರೆ, ಮಾಯವ್ವನ ಹಳೆಯ ಬೂಟು, ಕರಿ ಗಡಿಯಾರ, ಹೀಗೆ ನನ್ನ ತಾಲೀಮು. ಬೆಟ್ಟದ ದಾರಿಯಲ್ಲಿ ಎದುರಾದವರೆಲ್ಲ ಗುರುತಿಲ್ಲದಿದ್ದರೂ ನಮಸ್ಕಾರ ಹೇಳುತ್ತಾರೆ. ಅವರ ನಮಸ್ಕಾರದಲ್ಲಿ ದೇವರ ಹೆಸರಿದೆ ಎಂದು ಮಾಯವ್ವ ಹೇಳಿದ ಮೇಲೆ ನಾನೂ "ರಾಮ್ ರಾಮ್" ಅನ್ನುತ್ತಿದ್ದೆ. ವ್ಯವಹಾರ ಸರಿಹೋಯಿತು. ರೈಲಿನಲ್ಲಿ ತುಟಿ ಬಿಚ್ಚದವರು ಬೆಟ್ಟದ ಮೇಲೆ ಯಾಕೆ ಮಾತಾಡುತ್ತಾರೋ ತಿಳಿಯದು. ಇನ್ನೊಂದು, ಎರಡೂ ಕಾಲು ಗಟ್ಟಿಯಿರುವ ಗಂಡಸರು ಎರಡೂ ಕೈಯಲ್ಲಿ ಕೋಲು ಊರಿಕೊಂಡು ನಡೆಯುತ್ತಾರೆ. ಕುರಿ ಒಂದೂ ಇಲ್ಲ, ಕೋಲು ಮಾತ್ರ ಎರಡು.

ಸಂಜೆ ಭೀಮ್ಸಿ ಖುಷಿಯಿಂದ ಫೋನು ಮಾಡುತ್ತಿದ್ದ. "ಇವತ್ತ ಚಲೋ ಆಗೈತಿ. ಆದ್ರ ಏರಿನ್ಯಾಗ ಭಾಳ ಸಾವಕಾಶ ಹತ್ಯಾಳ."

"ಏರು ನೀ ನೋಡಿಲ್ಲ. ನಿಂತ ಗ್ವಾಡಿ ಇದ್ದಂಗ ಐತಿ."

"ನಡುವ ನಡುವ ನಿಂತಾಳಲ್ಲಾ?"

"ನೀರ ಕುಡೀಬೇಕೋ ಬ್ಯಾಡೋ?"

"ಹಾಲಿನ ಡೇರಿ ಮುಂದ ಅರ್ಧಾ ತಾಸ ನಿಂತಾಳ."

ಅಲ್ಲಿ ಒಬ್ಬ ಮುದುಕಿ ಗಿಣ್ಣದಂಥ ಒಂದು ಪದಾರ್ಥ ಮಾಡುತ್ತಿದ್ದಳು, ನೋಡುತ್ತ ನಿಂತಿದ್ದೆ. "ಮಜ್ಜಿಗಿ ಕುಡಿದಾಳು ಬಿಡೋ" ಎಂದೆ. ಹೀಗೆ ನನ್ನ ಕಾಲುಗಳ ಬಗ್ಗೆ ನನ್ನ ಮಗನಿಗೆ ಅವನ ಹುಟ್ಟಿನಿಂದ ಇಲ್ಲದ ಕಾಳಜಿ ಆ ವಾರ ಹುಟ್ಟಿತು.

ಮಂಜಿನ ಜಾರು

ಮಕ್ಕಳು ಮುಂಜಾನೆ ಓಡುತ್ತಿದ್ದದ್ದು ಸುಲಭದ್ದಲ್ಲ. ಬೆವರು ಹಣೆಯಿಂದ ಗಲ್ಲಕ್ಕೆ ಇಳಿದು ತೊಟ್ಟಿಕ್ಕುತ್ತಿತ್ತು. ಆದರೆ ಮಧ್ಯಾಹ್ನದ ಮೇಲೆ ಉರ್ಸವ್ವ ಅವರನ್ನು ಕರು ಬಿಟ್ಟಂತೆ ಬಿಟ್ಟುಬಿಡುತ್ತಿದ್ದಳು. ಒಂದು ದಿನ ಮೇಲಿನ ಕಣಿವೆಗೆ ಕರೆದೊಯ್ದಳು. ಬೇಸಿಗೆಯಲ್ಲೂ ಅಲ್ಲಿ ನೆರಳಿಗೆ ಒಂದು ತುಂಡು ಮಂಜು ಉಳಿದಿತ್ತು. ಗೋಣಿಚೀಲ ಹಾಸಿ ಕುಳಿತು ಮೇಲಿಂದ ಜಾರುವುದು, ಕೆಳಗೆ ಬಿದ್ದು ಉರುಳುವುದು, ಮತ್ತೆ ಮೇಲೆ ಹತ್ತುವುದು. ಮಾಯವ್ವ ಎಷ್ಟು ಸಲ ಹತ್ತಿದಳೋ. ಇದೇ ಏರನ್ನು ಅವಳ ಅಪ್ಪ ಹತ್ತಿಸಿದ್ದರೆ ಎರಡನೇ ಸಲಕ್ಕೆ ಅತ್ತಿರುತ್ತಿದ್ದಳು.

"ಇಷ್ಟ ದಣಿದ್ರ ನಾಳೆ ಹೆಂಗ ಓಡ್ತಾರ ಕೇಳು" ಎಂದು ಮಾಯವ್ವನ ಮೂಲಕ ಉರ್ಸವ್ವನನ್ನು ಕೇಳಿಸಿದೆ.

ಉರ್ಸವ್ವ ನನ್ನ ಗಡಿಯಾರದ ಕೈ ಕಡೆ ನೋಡಿ ಏನೋ ಹೇಳಿದಳು. ಮಾಯವ್ವ ನಗುತ್ತ, "ನಿಮ್ಮ ಕಾಲ ನೋಯ್ತಾವೇನ ಅಂತ ಕೇಳ್ತಾಳ. ದಿನಾ ಅಷ್ಟ ನಡೀತೀರಿ, ಮುಖದಾಗ ದಣಿವ ಕಾಣವಲ್ದು ಅಂತಾಳ" ಎಂದಳು.

ಆಗ ನನಗೆ ಪಂಢರಪುರದ ದಿಂಡಿ ನೆನಪಾಯಿತು. ನಿಪ್ಪಾಣಿ ಕಡೆಯಿಂದ ನಾವು ಪ್ರತಿ ವರ್ಷ ನಡೆದು ಹೋಗುತ್ತಿದ್ದೆವು, ಮುದುಕರು, ಬಸುರಿಯರು, ಕುಂಟರು. ದಿನವಿಡೀ ನಡೆದು ಕಾಲು ಬಾತಿರುತ್ತಿದ್ದವು. ಆದರೂ ಮಾಳ ಕಂಡಲ್ಲಿ ನಿಂತು ಫುಗಡಿ ಆಡುತ್ತಿದ್ದೆವು. ಇಬ್ಬರು ಎದುರುಬದುರು ನಿಂತು, ಕೈ ಕತ್ತರಿ ಹಾಕಿ ಹಿಡಿದು, ಪಾದ ಹತ್ತಿರ ಕೂಡಿಸಿ, ಹಿಂದಕ್ಕೆ ಬಾಗಿ ಗಿರಗಿರ ತಿರುಗುವುದು. ಗೌಡರ ಹೆಂಡತಿ, ಬೀಡಿ ಸುತ್ತುವವಳು, ಅತ್ತೆ, ಸೊಸೆ, ಎಲ್ಲರೂ. ತಿರುಗಿ ತಿರುಗಿ ಬಿದ್ದು ನಕ್ಕು ಎದ್ದರೆ ಮುಂದಿನ ಊರು ಹತ್ತಿರವಾಗುತ್ತಿತ್ತು. ಎಷ್ಟು ಕಿಲೋಮೀಟರು ಎಂದು ವಿಠ್ಠಲ ನಮ್ಮನ್ನು ಕೇಳಿದ್ದೇ ಇಲ್ಲ.

ಇದನ್ನು ಬಾಯಿಂದ ಹೇಳುವುದಕ್ಕಿಂತ ಮಾಡಿ ತೋರಿಸುವುದು ಹಗುರ. ಉರ್ಸವ್ವನ ಎರಡೂ ಕೈ ಹಿಡಿದೆ. ತಿರುಗಿದೆವು. ಅವಳ ಟೊಪ್ಪಿಗೆ ಹಾರಿತು, ನನ್ನ ಸೆರಗು ಹಾರಿತು, ಬೆಟ್ಟಗಳೆಲ್ಲ ಸಾಲಾಗಿ ದಿಂಡಿ ಹೊರಟವು. ಬಿಟ್ಟ ಮೇಲೆ ಉರ್ಸವ್ವ ಹುಲ್ಲಿನ ಮೇಲೆ ಕುಳಿತುಬಿಟ್ಟಳು. ನಾನು ನಿಂತೇ ಇದ್ದೆ. ಈ ಒಂದು ಮಾತನ್ನು ನಾನು ಊರಲ್ಲಿ ಸ್ವಲ್ಪ ಹೆಚ್ಚೇ ಸಲ ಹೇಳಿದ್ದೇನೆ.

ಅಂದಿನಿಂದ ಶಿಬಿರದ ತುಂಬ ಫುಗಡಿ. ಸ್ಪೇನ್ ದೇಶದ ಎಲೆನಾ ಎಂಬ ಹುಡುಗಿ ಮಾಯವ್ವನ ಜೋಡಿಯಾದಳು. ಊಟದ ಕೋಣೆಯಲ್ಲೂ ತಿರುಗಿ ಒಂದು ನೀರಿನ ಹೂಜಿ ಒಡೆದರು. ಉರ್ಸವ್ವ ಅದಕ್ಕೂ ಬಯ್ಯಲಿಲ್ಲ, ಗಾಜು ಅವರಿಂದಲೇ ಹೆಕ್ಕಿಸಿದಳು.

ವಿಡಿಯೋ ಫೋನು

ಓಟದ ಹಿಂದಿನ ಸಂಜೆ ಭೀಮ್ಸಿ ಎಂದೂ ಇಲ್ಲದ್ದು ಮುಖ ಕಾಣುವ ಫೋನು ಮಾಡಿದ. ನಾನು ಹಳ್ಳದ ದಂಡೆಯ ಹಲಗೆಯ ಮೇಲೆ ಕುಳಿತು, ಕೈ ಎತ್ತಿ ಸೆರಗು ಸರಿಮಾಡಿಕೊಳ್ಳುತ್ತಲೇ ಫೋನು ಎತ್ತಿದೆ.

"ಅವ್ವಾ! ಗಡಿಯಾರ ನಿನ್ನ ಕೈಯಾಗ ಯಾಕ ಐತಿ?"

ಕೈ ಕೆಳಗಿಳಿಸಿದೆ. ತಡವಾಗಿತ್ತು. ವಾರವಿಡೀ ನೋಡಿದ ನಂಬರುಗಳೆಲ್ಲ ಅವನ ಕಣ್ಣಮುಂದೆ ಸೀರೆ ಉಟ್ಟು ನಡೆದು ಹೋಗಿರಬೇಕು.

"ಹಂಗಾರ ಮಾಯಾ ಏನ ಮಾಡ್ಯಾಳ ಇಷ್ಟ ದಿನಾ?"

"ಮುಂಜಾನೆ ಓಡ್ಯಾಳ. ಆಮ್ಯಾಲ ಆಡ್ಯಾಳ."

"ಆಡ್ಸಾಕ ಆಸ್ಟ್ರಿಯಾ ಬೇಕಿತ್ತೇನಬೇ? ಉಗಾರದಾಗ ಆಡಾಕ ಜಾಗಾ ಇದ್ದಿದ್ದಿಲ್ಲೇನು?"

"ಜಾಗಾ ಇತ್ತೋ. ನೀ ಬಿಟ್ಟಿದ್ದಿ ಏನು?"

"ನಾ ಅಕೀ ಚಲೋದಕ್ಕ ಮಾಡಿದ್ನೆ. ನಾ ನಿದ್ದಿಗೆಟ್ಟು ಅಕೀ ಹಿಂದ ಗಾಡಿ ಹೊಡದೀನಿ, ಮಳೀ ಚಳೀ ಅನ್ನಲಾರದ."

ಅದು ಸುಳ್ಳಲ್ಲ. ರಾತ್ರಿ ಪಾಳಿ ಮುಗಿಸಿ ಬಂದು ಕಣ್ಣು ಕೆಂಪಿದ್ದರೂ ಗಾಡಿ ಹೊರಗೆ ತೆಗೆದವನು ಅವನು. ನನಗೆ ಅವನ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು. ಮಾಯವ್ವನಿಗೆ ಕೊಟ್ಟ ಮಾತು ಅಲ್ಲಿಗೆ ಜಾರಿತು.

"ಭೀಮ್ಸಿ, ಅಕಿ ಬಿಡ್ತೀನಂತಾಳ. ನಾಳೆ ಓಡಿ ಬಿಟ್ಟಬಿಡಾಕಿ. ವಿಮಾನದಾಗ ಹೇಳಿದ್ಲು."

ಅವನ ಹಿಂದೆ ನಮ್ಮ ಅಡಿಗೆಮನೆಯಲ್ಲಿ ಕುಕ್ಕರು ಸೀಟಿ ಹೊಡೆಯುವುದು ಕೇಳಿಸಿತು.

"ನಾಳೆ ನಂಬರ ಬಂದ್ರ ಎಲ್ಲಾ ಸರಿ ಆಕ್ಕೈತಿ" ಎಂದ ಕೊನೆಗೆ. "ಮೊದ್ಲಿನ ಐದರಾಗ ಬಂದ್ರ ಸಾಕು. ಗೆದ್ದವರು ಯಾರರೆ ಬಿಡ್ತಾರೇನು?"

ಫೋನು ಇಟ್ಟ. ಗೆದ್ದೇ ಅಲ್ಲವೇ ಅವಳು ಇಲ್ಲಿಗೆ ಬಂದದ್ದು ಎಂದು ನಾನು ಹಳ್ಳದ ನೀರಿಗೆ ಹೇಳಿದೆ.

ಓಟದ ದಿನ

ಓಟ ಹಳ್ಳಿಯ ಚೌಕದಿಂದ ಬೆಟ್ಟ ಹತ್ತಿ, ಆ ಕಡೆಯಿಂದ ಇಳಿದು ಮತ್ತೆ ಚೌಕಕ್ಕೆ. ನಾನು ನಡುದಾರಿಯಲ್ಲಿ, ಏರು ಮುಗಿಯುವಲ್ಲಿ ನಿಂತೆ. ಅಲ್ಲಿ ಕೆಂಪು ಅಂಗಿಯ ಒಬ್ಬ ಪಂಚ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಓಡುವವರು ನಿಯಮ ಮುರಿಯದಂತೆ ನೋಡುವುದು ಅವನ ಕೆಲಸ. ನನಗೆ ಕುಳಿತುಕೊಳ್ಳಲು ತನ್ನ ಕುರ್ಚಿಯನ್ನೇ ಕೊಟ್ಟ. ಒಳ್ಳೆಯ ಮನುಷ್ಯ. ಆಮೇಲಿನದಕ್ಕೆ ನಾನು ಅವನನ್ನು ಬಯ್ಯುವುದಿಲ್ಲ.

ಮುಂದಿನ ನಾಲ್ವರು ಹುಡುಗಿಯರು ಹೋದರು. ಐದನೆಯವಳು ಮಾಯವ್ವ! ನನ್ನ ಎದೆ ಹಿಗ್ಗಿತು. ಹತ್ತಿರ ಬಂದಳು, ಮುಖ ಕಂಡಿತು, ಹಿಗ್ಗಿದ್ದು ಹಾಗೇ ಇಳಿಯಿತು. ಕಾಗವಾಡದ ರಸ್ತೆಯ ಮುಖ ಅದು. ಕಣ್ಣು ಎಲ್ಲೂ ನೋಡುತ್ತಿರಲಿಲ್ಲ, ಹಲ್ಲು ಕಚ್ಚಿತ್ತು, ಹಿಂದೆ ಎಲ್ಲೋ ಸೀಟಿ ಊದುತ್ತಿದೆ ಎಂಬಂತೆ ಹೆಗಲು ಕುಗ್ಗಿತ್ತು. ಕೆನ್ನೆಯ ಮೇಲಿನದು ಬೆವರೋ ಅಳುವೋ ತಿಳಿಯಲಿಲ್ಲ.

ದಿಂಡಿಯಲ್ಲಿ ಯಾರ ಮುಖ ಹಾಗಾದರೂ ನಾವು ಮಾಡುವುದು ಒಂದೇ. ನಾನು ಯೋಚನೆ ಮಾಡಲಿಲ್ಲ, ಕುರ್ಚಿಯಿಂದ ಎದ್ದು ದಾರಿಯ ನಡುವೆ ನಿಂತು ಎರಡೂ ಕೈ ಚಾಚಿದೆ.

"ಬಾ ಬೇ ಮಾಯವ್ವ, ಒಂದ ಫುಗಡಿ!"

ಅವಳು ನಿಂತಳು. ನನ್ನನ್ನು ನೋಡಿದಳು. ಆಮೇಲೆ ಕೈ ಕೊಟ್ಟಳು. ತಿರುಗಿದೆವು, ಒಂದು ಸುತ್ತು, ಎರಡು, ಮೂರು. ಕಚ್ಚಿದ ಹಲ್ಲು ಬಿಚ್ಚಿತು. ಅವಳ ಬಾಯಿಂದ ಒಂದು ಕೂಗು ಬಂತು, ಮಂಜಿನ ಮೇಲೆ ಜಾರುವಾಗ ಬರುತ್ತಿದ್ದ ಅದೇ ಕೂಗು. ಹಿಂದೆ ಆರನೆಯವಳಾಗಿ ಬಂದ ಎಲೆನಾ ನಮ್ಮನ್ನು ಕಂಡು, ಇದೂ ಓಟದ ಭಾಗವೇ ಇರಬೇಕೆಂದು, ತಾನೂ ಕೈ ಹಾಕಿದಳು. ಮೂವರೂ ತಿರುಗಿದೆವು. ಅಷ್ಟರಲ್ಲಿ ಪಂಚ ಸೀಟಿ ಊದಿದ. ಏಳು ಸಮುದ್ರ ದಾಟಿದರೂ ನಮ್ಮ ಮನೆತನಕ್ಕೆ ಸೀಟಿ ತಪ್ಪಲಿಲ್ಲ.

ಹುಡುಗಿಯರು ನಗುತ್ತ ತೂರಾಡುತ್ತ ಇಳಿಜಾರಿನಲ್ಲಿ ಓಡಿದರು. ಪಂಚ ಎರಡೂ ಕೈ ಎತ್ತಿ ನನಗೆ ಏನೋ ಹೇಳುತ್ತಿದ್ದ. ನಾನು ಅವನ ಕೈಯನ್ನೂ ಹಿಡಿಯಬೇಕೇನೋ ಎಂದುಕೊಂಡೆ. ಅವನು ಹಿಂದೆ ಸರಿದ.

ಕೆಳಗೆ ಚೌಕಕ್ಕೆ ಬಂದ ಮೇಲೆ ಮಾಯವ್ವ ವಿವರಿಸಿ ಹೇಳಿದಳು. ಓಡುವವರ ಕೈಯನ್ನು ಹೊರಗಿನವರು ಹಿಡಿದರೆ ಓಟದ ಲೆಕ್ಕಕ್ಕೆ ಅವರು ಇಲ್ಲ. ಮಾಯವ್ವ ಇಲ್ಲ, ಎಲೆನಾ ಇಲ್ಲ. ಓಡಿ ಮುಗಿಸಿದರೂ ಫಲಕದಲ್ಲಿ ಇಬ್ಬರ ಹೆಸರಿನ ಮುಂದೆ ನಂಬರಿನ ಜಾಗ ಖಾಲಿ. ವಾರವಿಡೀ ಆಡಿರಿ ಆಡಿರಿ ಎಂದ ಉರ್ಸವ್ವನೇ ಈಗ ತಲೆಯ ಮೇಲೆ ಕೈ ಹೊತ್ತು ನಿಂತಿದ್ದಳು. ಆಟ ಓಟಕ್ಕೆ ಮುಂಚೆ, ಆಟ ಓಟದ ನಂತರ; ಓಟದ ನಡುವೆ ಅಲ್ಲ ಎಂದಳಂತೆ. ನಾವು ಊಟದ ನಡುವೆಯೇ ಉಪ್ಪಿನಕಾಯಿ ನೆಕ್ಕುವ ಜನ, ನಮಗೆ ಹೇಗೆ ತಿಳಿಯಬೇಕು?

ನಾನು ಎಲೆನಾಳ ಮುಂದೆ ಕೈ ಜೋಡಿಸಿದೆ. ಅವಳು ನನ್ನನ್ನು ತಬ್ಬಿ ಗಲ್ಲಕ್ಕೆ ಮುತ್ತು ಕೊಟ್ಟಳು. ಮಾಯವ್ವನ ಮುಂದೆ ಕೈ ಜೋಡಿಸಲು ಧೈರ್ಯ ಬರಲಿಲ್ಲ. ಅವಳು ಬಾಯಾರಿ ನೀರು ಕುಡಿದು ಹೋಗಿ ಮಲಗಿದಳು. ಬಿಡುತ್ತೇನೆ ಎಂದೂ ಅನ್ನಲಿಲ್ಲ, ಬಿಡುವುದಿಲ್ಲ ಎಂದೂ ಅನ್ನಲಿಲ್ಲ.

ಭೀಮ್ಸಿ ಫೋನು ಮಾಡಿದ. "ನಂಬರ ಎಷ್ಟ?"

"ನಂಬರ ಇಲ್ಲ."

"ಅಂದ್ರ? ಬಿದ್ಲೇನು?"

"ಬೀಳಲಿಲ್ಲ. ನಡುದಾರ್ಯಾಗ ಒಬ್ರು ಅಕೀ ಕೈ ಹಿಡಿದು ಫುಗಡಿ ಆಡಿಸಿದ್ರಂತ. ಅದಕ್ಕ ತಗದ್ರು."

"ಯಾವ ಹುಚ್ಚ ಮುಂಡೆ ಅಕಿ?"

"ನಿಮ್ಮವ್ವ" ಎಂದೆ.

ಹೊರಡುವ ದಿನ

ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಒಂದು ಹುಡುಗಿಯ ಓಟವನ್ನು ಸೀಟಿ ಅರ್ಧ ಕೊಂದಿತ್ತು, ಉಳಿದರ್ಧವನ್ನು ನನ್ನ ಫುಗಡಿ ಮುಗಿಸಿತೇನೋ ಎಂದು ಹೊರಳಾಡಿದೆ. ನಸುಕಿಗೆ ಜೊಂಪು ಹತ್ತಿ, ಎದ್ದಾಗ ಬಿಸಿಲು ಬಿದ್ದಿತ್ತು. ಮಾಯವ್ವನ ಹಾಸಿಗೆ ಖಾಲಿ. ಅವಳ ಚೀಲ ಕಟ್ಟಿ ಬಾಗಿಲಿಗೆ ಒರಗಿಸಿತ್ತು. ಬೂಟು ಇರಲಿಲ್ಲ.

ಕೆಳಗೆ ಉರ್ಸವ್ವ ಕಾಫಿ ಕುಡಿಯುತ್ತಿದ್ದಳು. ಮಾಯಾ ಎಲ್ಲಿ ಎಂದು ಕೈಯಲ್ಲೇ ಕೇಳಿದೆ. ಅವಳು ಎರಡು ಬೆರಳನ್ನು ಮೇಜಿನ ಮೇಲೆ ಓಡಿಸಿ ತೋರಿಸಿದಳು. ಯಾರ ಜೊತೆ ಎಂದು ಕೇಳಿದೆ. ಒಂದೇ ಬೆರಳು ಎತ್ತಿದಳು. ಒಬ್ಬಳೇ.

ನಮ್ಮನ್ನು ಒಯ್ಯುವ ರೈಲು ಬೆಳಿಗ್ಗೆಯೇ ಇತ್ತು. ಉರ್ಸವ್ವ ನನ್ನನ್ನೂ ಚೀಲಗಳನ್ನೂ ಹಳ್ಳಿಯ ಪುಟ್ಟ ನಿಲ್ದಾಣಕ್ಕೆ ತಂದು ಬಿಟ್ಟು, ಮಾಯವ್ವ ಬಂದ ಕೂಡಲೇ ಇಲ್ಲಿಗೆ ಕಳಿಸುತ್ತೇನೆ ಎಂದು ಸನ್ನೆ ಮಾಡಿ ಹೋದಳು. ನಿಲ್ದಾಣದಿಂದ ಬೆಟ್ಟದ ಹುಲ್ಲುಗಾವಲು ಪೂರಾ ಕಾಣುತ್ತದೆ. ಅಲ್ಲಿ ದೂರದಲ್ಲಿ ಒಂದು ನೀಲಿ ಚುಕ್ಕೆ, ಮಾಯವ್ವನ ಅಂಗಿ. ದಾರಿ ಬಿಟ್ಟು ಹುಲ್ಲಿನಲ್ಲೇ ಓಡುತ್ತಿತ್ತು. ಆಕಳುಗಳನ್ನು ಸುತ್ತು ಹಾಕಿತು. ಹಳ್ಳವನ್ನು ಜಿಗಿಯಿತು, ಅದು ಹಿಡಿಸಿತೋ ಏನೋ, ತಿರುಗಿ ಈ ಕಡೆ ಜಿಗಿಯಿತು, ಮತ್ತೆ ಆ ಕಡೆ. ಆ ಮೇಲೆ ಏರು ಹಿಡಿದು, ಯಾರೂ ಅಟ್ಟದಿದ್ದರೂ, ಜೋರಾಗಿ, ಮರಗಳ ಒಳಗೆ ಹೋಗಿ ಮರೆಯಾಯಿತು.

ನನಗೆ ಕೂಗಬೇಕೆನ್ನಿಸಿತು. ಅಷ್ಟರಲ್ಲಿ ರೈಲು ಬಂತು. ಆ ದೇಶದ ರೈಲುಗಳಿಗೆ ನಮ್ಮ ರೈಲುಗಳ ಸೌಜನ್ಯವಿಲ್ಲ, ಹೇಳಿದ ಹೊತ್ತಿಗೇ ಬಂದು ಹೇಳಿದ ಹೊತ್ತಿಗೇ ಹೋಗುತ್ತವೆ. ಬಾಗಿಲು ತೆರೆಯಿತು. ನಾನು ಚೀಲದ ಮೇಲೆ ಕುಳಿತೇ ಇದ್ದೆ. ಬಾಗಿಲು ಮುಚ್ಚಿತು. ಹೋಯಿತು.

ಫೋನು ಬಡಿಯಿತು.

"ಅವ್ವಾ, ರೈಲು ಹತ್ತಿದ್ರಿ?"

"ಇಲ್ಲೋ. ಹೋತು."

"ಹೋತೂ? ಮಾಯಾ ಎಲ್ಲಿ?"

"ಓಡಾಕ ಹೋಗ್ಯಾಳ."

"ಇವತ್ತ್ಯಾಕ? ಓಟ ನಿನ್ನೇನ ಮುಗೀತಲ್ಲಾ. ಯಾರ ಓಡಂದ್ರು ಅಕಿಗಿ?"

"ಯಾರೂ ಅಂದಿಲ್ಲ."

ಇನ್ನು ಬಯ್ಯುತ್ತಾನೆ, ಮುಂದಿನ ರೈಲು ಯಾವಾಗ, ವಿಮಾನ ಸಿಗುತ್ತದೋ ಇಲ್ಲವೋ ಎಂದು ಕೂಗುತ್ತಾನೆ ಎಂದು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದೆ.

"ಅವ್ವಾ" ಎಂದ, ಮೆಲ್ಲಗೆ. "ಕರೀಬ್ಯಾಡ ಅಕೀನ. ಬಂದಾಗ ಬರ್ಲಿ."